ನೀವು ಮೊದಲು

“ಫೋನಿಗೂ ನಿಮ್ಮಕ್ಕನ ಬುದ್ಧೀನೇ ಬಂದ್ಬಿಟ್ಟೈತೆ ಕಣ್ರೀ, ಏನ್ ಹೇಳೋಣ!” ಒಗ್ಗರಣೆಗೆ ಸಾಸಿವೆ ಹಾಕುತ್ತಲೇ ಕಮಲಾಕ್ಷಿ ರೇಗಿದಳು. “ಆಗ್ಲಿಂದ ಮಾಡ್ತಾನೇ ಇದೀನಿ, ‘ಸರದಿಯಲ್ಲಿದ್ದಾರೆ’ ಅಂತಾನೇ ಬರ್ತೈತೆ. ಊರಿನ ದನಕ್ಕೆಲ್ಲ ದಾರಿ ಬಿಟ್ಟು ಕೊನೇಗೆ ನನ್ನತ್ರ ಮಾತಾಡ್ತಾರಂತಾ?”

“ದನದ ಕೊರಳಪಟ್ಟಿಗೂ ಅಲೆ ಬೇಕಲ್ಲೇ,” ಅಂದ ಚೌಡಪ್ಪ, ತಟ್ಟೆ ಮುಂದಕ್ಕೆಳೆದುಕೊಳ್ಳುತ್ತ. “ಅಕ್ಕನ ಫೋನು ಸಾಧು. ನಿಂದು ನೋಡು, ರೇಷನ್ ಅಂಗಡೀಲಿ ನೀನು ಹೆಂಗೆ ಮೊಣಕೈ ಹಾಕಿ ನುಗ್ತೀಯೋ ಅದೂ ಹಂಗೇ ನುಗ್ತೈತೆ.”

“ನುಗ್ದೇ ಇದ್ರೆ ಈ ಮನೆಗೆ ಅಕ್ಕಿ ಬರ್ತಿತ್ತಾ? ಸುಮ್ನೆ ಉಪ್ಪಿಟ್ಟು ತಿನ್ನಿ. ಹೋಗ್ತಾ ಅಕ್ಕಂಗೆ ಹೇಳಿ, ಸಂಜೆ ಊಟಕ್ಕೆ ಇಲ್ಲಿಗೇ ಬರ್ಬೇಕಂತೆ ಅಂತ. ಫೋನ್‌ನಲ್ಲಿ ಹೇಳೋಕೆ ಹೋದ್ರೆ ನಾಳೆ ಸಂಜೆ ಆಗ್ತೈತೆ.”

ಚೌಡಪ್ಪ ನಕ್ಕ. ನಗುವಂಥ ಮಾತೇ ಅದು.

ಅವನು ಗೂಡುಪೇಟೆಯ ಅಲೆಗಂಟಿ. ಸರ್ಕಾರದ ಕಾಗದದಲ್ಲಿ ಆ ಕೆಲಸಕ್ಕೆ ಮಾರುದ್ದದ ಹೆಸರೊಂದಿತ್ತು, ಆದರೆ ಊರಿನ ನಾಲಿಗೆಗೆ ಅದು ಹತ್ತಲಿಲ್ಲ. ಅವನ ಮುತ್ತಾತ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ಬದುವಿನ ಮೇಲೆ ನಿಂತು ಹಂಚುತ್ತಿದ್ದವರು. ಅವರು ನೀರು ಹಂಚಿದರು, ಇವನು ರೇಡಿಯೋ ಅಲೆ ಹಂಚುತ್ತಾನೆ, ಅಷ್ಟೇ ತಾನೆ ಎಂದು ಯಾರೋ ಚಹಾದಂಗಡಿಯಲ್ಲಿ ಅಂದದ್ದು ಹಾಗೇ ಉಳಿದುಕೊಂಡಿತು.

ನಿಜ ಹೇಳಬೇಕೆಂದರೆ ಅವನು ಹಂಚುತ್ತಿರಲಿಲ್ಲ, ಹಂಚಿಕೆಯನ್ನು ಕಾಯುತ್ತಿದ್ದ. ಅಲೆಯೂ ನೀರಿನ ಹಾಗೇ ಅಳತೆಯುಳ್ಳ ಪದಾರ್ಥ. ಮಾತು ಹೊತ್ತು ಸಾಗಲು ಬರುವ ಅಲೆಗಳ ಪಟ್ಟಿ ಇರುವುದು ಇಷ್ಟೇ ಅಗಲ. ಕೇಳುವವರು ಹೆಚ್ಚಾದರೆಂದು ಅದು ಹಿಗ್ಗುವುದಿಲ್ಲ. ಒಂದೇ ಅಲೆಯಲ್ಲಿ ಇಬ್ಬರು ಒಟ್ಟಿಗೆ ಬಾಯಿಬಿಟ್ಟರೆ ಎರಡೂ ಮಾತು ಕಲಸಿ ರಾಡಿಯಾಗುತ್ತದೆ. ಮೊದಲೆಲ್ಲ ಟವರೇ ಯಜಮಾನಿಕೆ ಮಾಡುತ್ತಿತ್ತು: ನೀನು ಈಗ, ನೀನು ಆಮೇಲೆ, ನೀನು ಈ ಚೂರಿನಲ್ಲಿ, ನೀನು ಆ ಚೂರಿನಲ್ಲಿ ಎಂದು. ಬರುಬರುತ್ತ ಫೋನಿನ ಜೊತೆಗೆ ಗಾಡಿ, ಪಂಪು, ಕನ್ನಡಕ, ಔಷಧಿ ಡಬ್ಬಿ, ದನದ ಕೊರಳಪಟ್ಟಿ ಎಲ್ಲವೂ ಮಾತಾಡಲು ಕಲಿತ ಮೇಲೆ ಟವರಿನ ತಲೆ ಕೆಟ್ಟುಹೋಯಿತು. ಕೊನೆಗೆ ಫೋನುಗಳಿಗೇ ಬಿಟ್ಟರು. ಪ್ರತಿ ಫೋನೂ ಅಕ್ಕಪಕ್ಕದ ಫೋನುಗಳನ್ನು ಕೇಳಿಸಿಕೊಂಡು, ಯಾರಿಗೆ ಎಷ್ಟು ಅವಸರವೆಂದು ವಿಚಾರಿಸಿಕೊಂಡು, ನಾವು ಕಣ್ಣು ಮಿಟುಕಿಸುವುದರೊಳಗೆ ನೂರು ಸಲ ತಾವೇ ಪಂಚಾಯ್ತಿ ಮಾಡಿ ಮುಗಿಸುತ್ತಿದ್ದವು.

ಅವಸರ ಸಮಸಮ ಇದ್ದಾಗ ಯಾರು ಮೊದಲು? ಬೇರೆ ಊರುಗಳಲ್ಲಿ ಅದಕ್ಕೆ ಚೀಟಿ ಎತ್ತಿದ ಹಾಗೆ ಏನೋ ಒಂದು ಲೆಕ್ಕ ಇಟ್ಟರು. ಗೂಡುಪೇಟೆಯವರು ಸಭೆ ಸೇರಿ, ಕೂಗಾಡಿ, ಚೀಟಿಯಲ್ಲಿ ಮೋಸ ನಡೆಯುತ್ತದೆಂದು ಜಗಳವಾಡಿ, ಕಡೆಗೆ ಒಂದು ವಿಚಿತ್ರ ತೀರ್ಮಾನಕ್ಕೆ ಬಂದರು: ಫೋನಿಗೆ ಅದರ ಯಜಮಾನರ ಗುಣವೇ ಬರಲಿ. ಅವರು ಹೇಗೆ ಬಾಳುತ್ತಾರೋ ಅದೂ ಹಾಗೇ ಬಾಳಲಿ. ಫೋನು ಸೊಂಟದಲ್ಲೋ ಜೇಬಿನಲ್ಲೋ ಕೂತು ಕೇಳಿಸಿಕೊಂಡು ಕಲಿಯಿತು. ಆರು ತಿಂಗಳಲ್ಲಿ ಊರಿನ ಗಾಳಿಯೆಲ್ಲ ಊರಿನ ಸಂತೆಯ ಹಾಗೇ ಆಗಿಹೋಯಿತು.

ಚೌಡಪ್ಪನ ಅಕ್ಕ ಅಕ್ಕಯಮ್ಮ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಡ್ಲಿ ಮಾರುತ್ತಿದ್ದಳು. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಅವಳೇ. ಬಸ್ಸಿಗೆ ಹತ್ತುವಾಗ “ನೀವು ಹತ್ತಿ”, ನಲ್ಲಿಯ ಮುಂದೆ “ನೀವು ಹಿಡ್ಕೊಳ್ಳಿ”, ಆಸ್ಪತ್ರೆಯಲ್ಲಿ ಜ್ವರದಿಂದ ನಡುಗುತ್ತ ಕೂತಾಗಲೂ “ಆ ಮಗೂನ ಮೊದ್ಲು ನೋಡಿ ಡಾಕ್ಟ್ರೇ”. ಅವಳ ಫೋನು ಇದನ್ನೆಲ್ಲ ಕೇಳಿಸಿಕೊಂಡು ಬೆಳೆದದ್ದು.

ಉಪ್ಪಿಟ್ಟು ಮುಗಿಸಿ ಚೌಡಪ್ಪ ಕೈ ತೊಳೆದ. ಅಕ್ಕನಿಗೆ ಹೇಳಿ ಹೋಗೋಣವೆಂದು ಮಾರುಕಟ್ಟೆಯ ಮುಂದೆ ಗಾಡಿ ನಿಲ್ಲಿಸಿದ. ಹರಾಜಿನ ಹೊತ್ತು, ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಹೇಳಿದರಾಯಿತು ಅಂದುಕೊಂಡು ಎದುರಿನ ಕಟ್ಟಡದ ಮಹಡಿ ಹತ್ತಿದ.

ಅಲ್ಲೇ ಅವನ ಕೋಣೆ. ಗೋಡೆ ತುಂಬ ಒಂದು ಪರದೆ. ಊರಿನ ಅಲೆಗಳೆಲ್ಲ ಅದರಲ್ಲಿ ಬಣ್ಣದ ಗೆರೆಗಳಾಗಿ ಮೇಲಿನಿಂದ ಕೆಳಕ್ಕೆ ಜಾರುತ್ತಿದ್ದವು: ಮಾತುಕತೆಗೆ ನೀಲಿ, ಗಾಡಿಗಳಿಗೆ ಹಳದಿ, ಪಂಪುಗಳಿಗೆ ಹಸಿರು, ತುರ್ತಿಗೆ ಕೆಂಪು. ಸಹಾಯಕ ಇಂಜಿನಿಯರ್ ತಬಸ್ಸುಮ್ ಆಗಲೇ ಬಂದಿದ್ದಳು. ಅವಳ ಮನೆಯವರು ತಲೆಮಾರಿನಿಂದ ರೇಷ್ಮೆ ನೂಲು ತೆಗೆಯುವವರು. ಅವಳ ಮಾವ ಮಾರುಕಟ್ಟೆ ಹಿಂದಿನ ಮಸೀದಿಯಲ್ಲಿ ಅಜಾನ್ ಕೂಗುತ್ತಿದ್ದರು.

“ಇವತ್ತು ಹರಾಜು ಜೋರು ಸಾರ್. ಎಲ್ಲಾ ನೀಲಿ,” ಅಂದಳು.

ಅವಳು ಇನ್ನೂ ಬಾಯಿ ಮುಚ್ಚಿರಲಿಲ್ಲ, ನೆಲ ಅದುರಿತು. ಕಿಟಕಿಯ ಗಾಜು ಝಲ್ಲೆಂದಿತು. ಎದುರಿನ ಮಾರುಕಟ್ಟೆಯ ಛಾವಣಿಯ ಮೇಲೆ ತಲೆಮಾರಿನಿಂದ ಕೂತಿದ್ದ ನೀರಿನ ಟ್ಯಾಂಕು ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿ, ಛಾವಣಿಯ ಸಮೇತ ಒಳಗೆ ಕುಸಿದುಹೋಯಿತು. ಬಿಳೀ ದೂಳಿನ ನಡುವೆ ರೇಷ್ಮೆಗೂಡುಗಳು ಹೂವಿನಂತೆ ಬೀದಿಗೆ ಉರುಳಿ ಬಂದವು.

ಒಂದೇ ಕ್ಷಣ ಪರದೆ ಹಾಗೇ ನಿಂತ ಹಾಗಿತ್ತು. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಕೆಂಪಾಯಿತು. ಬರೀ ಕೆಂಪು. ಊರಿಗೆ ಊರೇ ಒಟ್ಟಿಗೆ ಫೋನು ಎತ್ತಿತ್ತು: ಎಲ್ಲಿದೀಯ, ಹೇಗಿದೀಯ, ಅಪ್ಪ ಬಂದ್ರಾ, ಅಣ್ಣ ಆಚೆ ಬಂದ್ನಾ. ತುರ್ತು ಘೋಷಣೆಯಾದೊಡನೆ ಯಂತ್ರಗಳು ನಿಯಮದಂತೆ ತಾವಾಗಿ ಬಾಯಿ ಮುಚ್ಚಿಕೊಂಡವು. ಉಳಿದದ್ದು ಮನುಷ್ಯರು, ಎಲ್ಲರಿಗೂ ಒಂದೇ ಸಮನಾದ ಅವಸರ.

ಚೌಡಪ್ಪ ಅಕ್ಕನಿಗೆ ಕರೆ ಮಾಡಿದ. ‘ಸರದಿಯಲ್ಲಿದ್ದಾರೆ.’ ಮತ್ತೆ ಮಾಡಿದ. ‘ಸರದಿಯಲ್ಲಿದ್ದಾರೆ.’

ಕೆಳಗೆ ಅಗ್ನಿಶಾಮಕದವರು ಬಂದು ಹರಾಜು ಕಟ್ಟೆಯ ಕಡೆಯಿಂದ ಅಗೆಯಲು ಶುರುಮಾಡಿದ್ದರು. ಜನ ಜಾಸ್ತಿ ಇದ್ದದ್ದು ಅಲ್ಲೇ ಎಂದು ಅವರ ಲೆಕ್ಕ. ಒಬ್ಬೊಬ್ಬರಾಗಿ ಮಂದಿ ಹೊರಬರುತ್ತಿದ್ದರು, ಕೆಮ್ಮುತ್ತ, ಅಳುತ್ತ. ಅವರಲ್ಲಿ ಅಕ್ಕ ಇರಲಿಲ್ಲ.

“ಫೋನು ಒಡೆದುಹೋಗಿರ್ಬೇಕು,” ಅಂದ ಚೌಡಪ್ಪ.

“ಒಡೆದಿದ್ರೆ ‘ಸಿಗುತ್ತಿಲ್ಲ’ ಅಂತ ಬರ್ಬೇಕಿತ್ತು ಸಾರ್.” ತಬಸ್ಸುಮ್ ಪರದೆಯ ಹತ್ತಿರ ಹೋದಳು, ಮೂಗು ತಾಗುವಷ್ಟು ಹತ್ತಿರ. “ಸರದಿಯಲ್ಲಿದ್ದಾರೆ ಅಂತ ಬರ್ತಿದೆ. ಅಂದ್ರೆ ಫೋನು ಬದುಕಿದೆ. ಟವರ್‌ಗೆ ಅದರ ಸದ್ದು ಕೇಳ್ತಾ ಇದೆ. ಇಲ್ನೋಡಿ.”

ಕೆಂಪಿನ ನಡುವೆ ಕೂದಲೆಳೆಗಿಂತ ಸಣ್ಣ ಚುಕ್ಕಿಗಳು, ಆಗೊಂದು ಈಗೊಂದು. ಅವಳು ಒಂದನ್ನು ಹಿಡಿದು ಬಿಡಿಸಿದಳು. ಒಳಗೆ ಒಂದೇ ಮಾತಿತ್ತು, ಫೋನುಗಳ ಭಾಷೆಯಲ್ಲಿ ಜಾಗ ಬಿಡುವ ಮಾತು. ಮನುಷ್ಯರ ಭಾಷೆಗೆ ತಂದರೆ: ನೀವು ಮೊದಲು.

ಇನ್ನೊಂದು ಚುಕ್ಕಿ. ನೀವು ಮೊದಲು.

ಚೌಡಪ್ಪನಿಗೆ ಅರ್ಥವಾಯಿತು. ಅಕ್ಕ ಬಿದ್ದ ಕೂಡಲೇ ಅವಳ ಫೋನಿಗೆ ಗೊತ್ತಾಗಿತ್ತು. ಯಜಮಾನಿ ಮಾತಾಡುತ್ತಿಲ್ಲವೆಂದು ಅದು ತಾನೇ ಸುದ್ದಿ ಮುಟ್ಟಿಸಲು ಹೊರಟಿತ್ತು. ಹೊರಟಾಗ ಪಕ್ಕದಲ್ಲಿ ಇನ್ಯಾರೋ ಅಳುತ್ತ ಮಗನಿಗೆ ಕರೆ ಮಾಡುತ್ತಿದ್ದರು. ಅವರದ್ದಾಗಲಿ ಎಂದು ನಿಂತಿತು. ಅವರ ಹಿಂದೆ ಇನ್ನೊಬ್ಬರು. ಅವರದ್ದೂ ಆಗಲಿ. ಕಲ್ಲುಮಣ್ಣಿನಡಿ ಅಕ್ಕನ ಸೊಂಟದಲ್ಲಿ ಕೂತು, ಇರುವ ಬ್ಯಾಟರಿಯನ್ನೆಲ್ಲ ಅದು ಬೇರೆಯವರಿಗೆ ದಾರಿ ಬಿಡುವುದರಲ್ಲೇ ಖರ್ಚು ಮಾಡುತ್ತಿತ್ತು.

“ಜಾಗ ಗೊತ್ತಾಗುತ್ತಾ ತಬಸ್ಸುಮ್? ಎಲ್ಲಿಂದ ಬರ್ತೈತೆ ಅಂತ?”

“ಚುಕ್ಕೀಲಿ ಗೊತ್ತಾಗಲ್ಲ ಸಾರ್. ಒಂದ್ ಸ್ವಲ್ಪ ಹೊತ್ತಾದ್ರೂ ಬಿಡದೆ ಮಾತಾಡ್ಬೇಕು. ಆಗ ನಮ್ಮ ಮೂರು ಟವರಿಗೂ ಯಾವಾಗ ಮುಟ್ತು ಅಂತ ನೋಡಿ ಹುಡುಕ್ಬೋದು.”

“ಅದನ್ನ ಮುಂದಕ್ಕೆ ತಳ್ಳು. ಬೇರೆಯವ್ರನ್ನ ನಿಲ್ಲಿಸು.”

“ಹೆಂಗೆ ಸಾರ್?” ಅವಳು ತಿರುಗಿದಳು. “ಈ ಕೋಣೆಗೆ ಕಣ್ಣಿದೆ, ಕೈಯಿಲ್ಲ. ನಿಮಗೇ ಗೊತ್ತಲ್ಲ. ಟವರ್ ಆಫ್ ಮಾಡಿದ್ರೆ ನಾವೇ ಕಿವುಡಾಗ್ತೀವಿ. ಅದು ಮಾತಾಡ್ಬೇಕು ಅಂದ್ರೆ ಅದರ ಮುಂದೆ ಯಾರೂ ಇರ್ಬಾರ್ದು. ಒಬ್ಬರೂ.”

ಒಬ್ಬರೂ ಇರಬಾರದು. ಇಡೀ ಊರು ಸುಮ್ಮನಾಗಬೇಕು. ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದ ಜನ, ಅದೊಂದನ್ನು ತಿಳಿಯಲು ಕೈಯಲ್ಲಿರುವ ಅದೊಂದು ವಸ್ತುವನ್ನೇ ಆರಿಸಬೇಕು. ಅದನ್ನು ಅವರಿಗೆ ಹೇಳುವುದಾದರೂ ಹೇಗೆ? ಫೋನಿನಲ್ಲಿ ಹೇಳಿದರೆ ಅದೂ ಒಂದು ಗಲಾಟೆಯೇ.

ತಬಸ್ಸುಮ್ ಆಗಲೇ ಬಾಗಿಲು ದಾಟಿದ್ದಳು. “ಮಸೀದಿ ಮೈಕಿಗೆ ತಂತಿ ಇದೆ ಸಾರ್, ಅಲೆ ಬೇಡ. ಮಾಮೂಗೆ ಹೇಳ್ತೀನಿ. ನೀವು ದೇವಸ್ಥಾನದವ್ರಿಗೆ ಕೂಗಿ!”

ಚೌಡಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ. ಕೆಳಗೆ ಗುಂಪಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ ಬಂದಿದ್ದ ಕಮಲಾಕ್ಷಿ ಕಂಡಳು. ಫೋನು ಕಿವಿಗೇ ಇತ್ತು.

“ಕಮಲಾ! ಅಕ್ಕ ಬದುಕವ್ಳೆ! ಫೋನ್ ಆಫ್ ಮಾಡು! ಎಲ್ರೂ ಆಫ್ ಮಾಡ್ಬೇಕು! ಆಂಜನೇಯನ ಗುಡಿ ಮೈಕಲ್ಲಿ ಹೇಳ್ಸು!”

ಅವಳು ಯಾಕೆ ಏನು ಎಂದು ಕೇಳಲಿಲ್ಲ. ಗಂಡನ ಮುಖ ನೋಡಿದಳು, ತಿರುಗಿದಳು. ಗುಡಿಯ ಕಡೆಗೆ ಒಬ್ಬನನ್ನು ಓಡಿಸಿದಳು. ತಾನು ಗುಂಪಿಗೆ ನುಗ್ಗಿದಳು. ನುಗ್ಗುವುದು ಅವಳಿಗೆ ಹೇಳಿಕೊಡಬೇಕೆ?

ಮೊದಲು ಮಸೀದಿಯ ಮೈಕು ಖರ್ರೆಂದಿತು. ಮುದಿ ದನಿ, ಅವಸರವಿಲ್ಲದ ದನಿ: “ಊರಿನವರೇ, ಒಂದು ಮಾತು. ಮಾರುಕಟ್ಟೆ ಕೆಳಗೆ ಜೀವ ಇದೆ. ಅವರ ಫೋನು ಮಾತಾಡ್ಬೇಕು ಅಂತಿದೆ, ನಾವು ಬಿಡ್ತಾ ಇಲ್ಲ. ದಯವಿಟ್ಟು ನಿಮ್ಮ ಫೋನು ಆರ್ಸಿ. ಸ್ವಲ್ಪ ಹೊತ್ತು. ಎಲ್ಲರೂ.” ಹಿಂದೆಯೇ ಗುಡಿಯ ಮೈಕಿನಲ್ಲಿ ಅರ್ಚಕರ ಹೆಂಡತಿಯ ದನಿ, ಅದೇ ಮಾತು, ಏದುಸಿರು. ಎರಡೂ ದನಿ ಬೀದಿಯ ಮೇಲೆ ಒಂದಕ್ಕೊಂದು ತಾಕಿಕೊಂಡು ಹೋದವು.

ಕೆಳಗೆ ಒಬ್ಬ ತಂದೆ ಫೋನನ್ನು ಎದೆಗವಚಿಕೊಂಡು ನಿಂತಿದ್ದ. ಮುನಿರಾಜು, ಗೂಡಿನ ದಲ್ಲಾಳಿ. “ನನ್ ಮಗಳು ಒಳಗವ್ಳೆ! ನಾನ್ ಆಫ್ ಮಾಡ್ದಾಗ್ಲೇ ಅವಳು ಫೋನ್ ಮಾಡ್ಬಿಟ್ರೆ?”

“ಮಾಡೋಕಾಗಿದ್ರೆ ಇಷ್ಟೊತ್ಗೆ ಮಾಡ್ತಿರ್ಲಿಲ್ವಾ ಅಣ್ಣಾ?” ಕಮಲಾಕ್ಷಿಯ ದನಿ ಮಹಡಿಗೂ ಕೇಳಿಸಿತು. “ನಾವ್ ಹಿಂಗ್ ಅರಚ್ತಾ ಇದ್ರೆ ಅವ್ಳು ಪಿಸುಗುಟ್ಟಿದ್ದು ಯಾರ್ಗ್ ಕೇಳ್ತೈತೆ? ನೋಡಿ, ನಂದು ಆರ್ಸ್ದೆ. ಈ ಊರಲ್ಲಿ ನಾನೇ ಸುಮ್ನಾದೆ ಅಂದ್ಮೇಲೆ ನಿಮ್ದೇನು!”

ಆ ಹೊತ್ತಿನಲ್ಲೂ ಯಾರೋ ನಕ್ಕರು. ಮುನಿರಾಜು ಫೋನನ್ನು ನೋಡಿದ. ಅದರಲ್ಲಿ ಮಗಳ ಚಿತ್ರವಿತ್ತೇನೋ, ಹೆಬ್ಬೆರಳಿನಿಂದ ಒಮ್ಮೆ ಒರೆಸಿದ. ಆಮೇಲೆ ಆರಿಸಿದ.

ಚೌಡಪ್ಪ ಪರದೆಯ ಕಡೆ ತಿರುಗಿದ.

ಕೆಂಪು ಹರಿಯುತ್ತಿತ್ತು, ಆದರೆ ಅಂಚಿನಲ್ಲಿ ತೂತು ಬಿದ್ದಿತ್ತು. ಕುಂಬಾರ ಬೀದಿ ಕಪ್ಪಾಯಿತು. ಬಸ್ ನಿಲ್ದಾಣ ಕಪ್ಪಾಯಿತು. ನೂಲು ತೆಗೆಯುವವರ ಕೇರಿ ಒಂದೇ ಸಲಕ್ಕೆ, ದೀಪ ಊದಿದ ಹಾಗೆ. ಮೈಕು ಮುಟ್ಟದ ಬಡಾವಣೆಗಳಲ್ಲಿ ಇನ್ನೂ ಕೆಂಪಿತ್ತು. ಅಲ್ಲಿಗೆ ಯಾರು ಓಡಿದರೋ, ಯಾವ ಮಹಡಿಯಿಂದ ಯಾವ ಮಹಡಿಗೆ ಕೂಗು ದಾಟಿತೋ, ಅವೂ ಒಂದೊಂದಾಗಿ ಆರಿದವು. ಕೆಲಸಕ್ಕೆ ಸೇರಿದಾಗಿನಿಂದ ಈ ಗೋಡೆಯಲ್ಲಿ ಅಂಗೈಯಗಲ ಕಪ್ಪನ್ನೂ ಅವನು ಕಂಡವನಲ್ಲ. ಈಗ ಕಪ್ಪು ಬಾವಿಯ ಹಾಗೆ ಆಳವಾಗುತ್ತ ಹೋಯಿತು. ಕೊನೆಯ ಕೆಂಪು ಗೆರೆ ಸ್ವಲ್ಪ ಹೊತ್ತು ಒದ್ದಾಡಿ ನಿಂತಿತು.

ಬೀದಿಯಲ್ಲೂ ಸದ್ದಿಲ್ಲ. ಅಲೆಯಲ್ಲಿ ಸುಮ್ಮನಿರಿ ಎಂದರೆ ಜನ ಬಾಯಲ್ಲೂ ಸುಮ್ಮನಾಗಿದ್ದರು. ಅಗೆಯುವವರೂ ಸನಿಕೆ ಹಿಡಿದು ನಿಂತುಬಿಟ್ಟಿದ್ದರು.

ತಬಸ್ಸುಮ್ ಓಡಿ ಬಂದು ಬಾಗಿಲಲ್ಲೇ ನಿಂತಳು. ಕಪ್ಪು ಗೋಡೆಯ ಮೇಲೆಲ್ಲ ಅತಿ ನವಿರಾದ ಬೂದು ಉದುರುತ್ತಿತ್ತು, ಜರಡಿ ಹಿಡಿದ ಹಿಟ್ಟಿನ ಹಾಗೆ.

“ಯಾರದ್ದದು?” ಪಿಸುಗುಟ್ಟಿದ ಚೌಡಪ್ಪ. “ಇನ್ನೂ ಯಾರೋ ಆರ್ಸಿಲ್ಲ.”

“ಅದು ಸೂರ್ಯ ಸಾರ್,” ಅಂದಳು ಅವಳೂ ಪಿಸುಗುಟ್ಟಿ. “ಸೂರ್ಯಂದೂ ರೇಡಿಯೋ ಸದ್ದಿದೆ. ಯಾವಾಗ್ಲೂ ಇತ್ತು. ನಮ್ಮ ಗಲಾಟೇಲಿ ಕಾಣ್ತಿರ್ಲಿಲ್ಲ.”

ಚೌಡಪ್ಪ ಆ ಬೂದನ್ನೇ ನೋಡಿದ. ಇಷ್ಟು ವರ್ಷ ಈ ಅಲೆಗಳೆಲ್ಲ ನಮ್ಮದು, ನಮ್ಮ ಹಂಚಿಕೆಯದು ಎಂದುಕೊಂಡು ಕಾದದ್ದು. ಸೂರ್ಯನೂ ಈ ಪಟ್ಟಿಯಲ್ಲೇ ಒಂದು ಮೂಲೆಯಲ್ಲಿ ನಿಂತಿದ್ದನಲ್ಲ, ಒಂದು ದಿನವೂ ಸರದಿ ಕೇಳದೆ!

ಆಗ ಚುಕ್ಕಿ ಬಂತು. ನೀವು ಮೊದಲು.

ಯಾರೂ ಉತ್ತರ ಕೊಡಲಿಲ್ಲ.

ಮತ್ತೊಂದು. ನೀವು ಮೊದಲು? ಫೋನು ಅನುಮಾನದಲ್ಲಿದ್ದಂತಿತ್ತು, ಇಷ್ಟು ದೊಡ್ಡ ಊರಿನಲ್ಲಿ ಯಾರೂ ಇಲ್ಲವೆಂದರೆ ಯಾರು ನಂಬುತ್ತಾರೆ? ಆಮೇಲೆ ಒಂದು ಗೆರೆ, ಸಣ್ಣಗೆ, ನಡುಗುತ್ತ, ಕಪ್ಪಿನಲ್ಲಿ ಇಳಿಯತೊಡಗಿತು.

“ಮಾತಾಡು ತಾಯೀ,” ಅಂದ ಚೌಡಪ್ಪ.

ಗೆರೆ ಕಡಿಯಿತು. ಅದರ ಪಕ್ಕದಲ್ಲೇ ಇನ್ನೊಂದು ಚುಕ್ಕಿ ಎದ್ದಿತ್ತು. ಬೇರೆ ಫೋನು. ಅದೂ ಅದೇ ಮಾತಾಡಿತು: ನೀವು ಮೊದಲು. ಅಕ್ಕನದ್ದು ಅದಕ್ಕೆ ಹೇಳಿತು: ಇಲ್ಲ, ನೀವು. ಮೂರನೆಯದೊಂದು ಎದ್ದು ಇಬ್ಬರಿಗೂ ಹೇಳಿತು. ನಾಲ್ಕು. ಐದು. ಯಾರೂ ಕೇಳಿಸಿಕೊಳ್ಳದ ಐದು ಸಾಧು ಫೋನುಗಳು ಆ ಕಲ್ಲಿನಡಿ ಇಷ್ಟು ಹೊತ್ತೂ ಊರಿಗೆಲ್ಲ ದಾರಿ ಬಿಟ್ಟು ಕೂತಿದ್ದವು. ಈಗ ಒಂದಕ್ಕೊಂದು ಬಿಡುತ್ತಿದ್ದವು.

“ಅಯ್ಯೋ, ಹಿಂಗೇ ಬ್ಯಾಟರಿ ಮುಗಿಸ್ಕೊಂತಾವೆ!” ತಬಸ್ಸುಮ್ ತಲೆ ಹಿಡಿದುಕೊಂಡಳು. ಬೈದು ಹೇಳೋಣವೆಂದರೆ ಯಾರಿಗೆ ಹೇಳುವುದು? ಇಬ್ಬರೂ ನೋಡುತ್ತ ನಿಂತರು. ಚುಕ್ಕಿಗಳು ಅತ್ತಿತ್ತ ಮಿನುಗಿದವು. ನೀವು, ಇಲ್ಲ ನೀವು, ಇಲ್ಲ ನೀವು. ಮಿನುಗು ಹತ್ತಿರ ಹತ್ತಿರವಾಯಿತು. ಐದೂ ಒಂದೇ ತಾಳಕ್ಕೆ ಬಂದವು.

ಆಮೇಲೆ ನಡೆದದ್ದನ್ನು ಯಾರೂ ಆ ಫೋನುಗಳಿಗೆ ಕಲಿಸಿರಲಿಲ್ಲ. ಐದೂ ಒಟ್ಟಿಗೆ ಬಾಯಿಬಿಟ್ಟವು. ಒಂದೇ ಅಲೆಯಲ್ಲಿ, ಒಂದೇ ಕ್ಷಣದಲ್ಲಿ, ಒಂದೇ ಮಾತನ್ನು. ರಾಡಿಯಾಗಬೇಕಿತ್ತು. ಆಗಲಿಲ್ಲ. ಒಂದರ ಏರಿಗೆ ಇನ್ನೊಂದರ ಏರು ಸರಿಯಾಗಿ ಕೂತು, ಐದು ನಿತ್ರಾಣದ ಗೆರೆಗಳು ಸೇರಿ ಬೆಳ್ಳಗೆ ಹೊಳೆಯುವ ಒಂದು ಗೆರೆಯಾಗಿ ಗೋಡೆಯ ಉದ್ದಕ್ಕೂ ಇಳಿದು ಬಂತು.

ತಬಸ್ಸುಮಳ ಕಣ್ಣು ತುಂಬಿತ್ತು. “ನೂಲು ತೆಗೆಯೋವಾಗ ಹಿಂಗೇ ಸಾರ್. ಒಂದು ಗೂಡಿನ ಎಳೆ ಕೈಗೂ ಸಿಗಲ್ಲ, ಮುಟ್ಟಿದ್ರೆ ಕಡಿಯುತ್ತೆ. ನಾಲ್ಕೈದು ಗೂಡಿಂದು ಸೇರಿಸಿ ಎಳೆದ್ರೆ ದಾರ.”

ಗೆರೆಯೊಳಗಿನ ಮಾತು ಅಕ್ಷರವಾಗಿ ಬಿಚ್ಚಿಕೊಂಡಿತು. ಐದು ಜನರ ಸುದ್ದಿ, ಒಬ್ಬರದ್ದರ ಕೆಳಗೆ ಒಬ್ಬರದು. ಅಕ್ಕಯಮ್ಮ, ಬಿದ್ದಿದ್ದಾರೆ, ಉಸಿರಿದೆ. ಭಾಗ್ಯ, ಮುನಿರಾಜು ಮಗಳು, ಉಸಿರಿದೆ. ಇನ್ನಿಬ್ಬರು ಹಮಾಲರು, ಉಸಿರಿದೆ. ಐದನೆಯದು ಗೂಡು ತೂಗುವ ನಂಜುಂಡಪ್ಪನವರದ್ದು: ಬಿದ್ದಿದ್ದಾರೆ, ಉಸಿರಿಲ್ಲ. ತನ್ನ ಯಜಮಾನ ಹೋಗಿದ್ದರೂ ಆ ಫೋನು ತನ್ನ ಎಳೆಯನ್ನು ಬಿಟ್ಟಿರಲಿಲ್ಲ. ಉಳಿದ ನಾಲ್ವರ ಸುದ್ದಿ ಗಟ್ಟಿಯಾಗಲೆಂದು ಹಿಡಿದೇ ಇತ್ತು.

ಮೂರು ಟವರಿನ ಲೆಕ್ಕ ಕೂಡಿತು. ಹರಾಜು ಕಟ್ಟೆಯಲ್ಲ. ಹಿಂಬದಿ, ತೂಕದ ಕೋಣೆಯ ಮೆಟ್ಟಿಲ ಕೆಳಗೆ.

ಚೌಡಪ್ಪ ಕಿಟಕಿಗೆ ಹಾರಿ ಕೂಗಿದ. ಆ ನಿಶ್ಶಬ್ದದಲ್ಲಿ ಅವನು ಕೂಗಬೇಕಾಗಿಯೇ ಇರಲಿಲ್ಲ. ಸನಿಕೆಗಳು ಹಿಂಬದಿಗೆ ಓಡಿದವು.

ಅವನು ಕೆಳಗಿಳಿದು ಹೋಗುವ ಹೊತ್ತಿಗೆ ಮೆಟ್ಟಿಲ ಕೆಳಗೆ ದಾರಿಯಾಗಿತ್ತು. ಮೊದಲು ಭಾಗ್ಯ ಬಂದಳು. ಮುನಿರಾಜು ಅವಳನ್ನು ಮುಟ್ಟಲೂ ಹೆದರಿ ನೆಲಕ್ಕೆ ಕೂತುಬಿಟ್ಟ. ಆಮೇಲೆ ಹಮಾಲರು. ನಂಜುಂಡಪ್ಪನವರನ್ನು ತಂದಾಗ ಜನ ಚಪ್ಪಲಿ ಬಿಟ್ಟು ನಿಂತರು. ಕೊನೆಗೆ ಅಕ್ಕ, ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ, ಒಂದು ಕಾಲು ತಿರುಚಿಕೊಂಡು, ಕಣ್ಣು ಮಾತ್ರ ಪಿಳಿಪಿಳಿ.

“ನಿನ್ನೇ ಕೊನೇಗ್ ತಂದ್ರಾ?” ಅಂದ ಚೌಡಪ್ಪ. ಅಳು ನುಗ್ಗಿ ಬಂತು.

“ನಾನೇ ಹೇಳ್ದೆ ಕಣೋ,” ಅಂದಳು ಅಕ್ಕಯಮ್ಮ, ಮಾತು ತೊದಲುತ್ತಿತ್ತು. “ಆ ಮಗು ಹೆದರ್ಕೊಂಡಿತ್ತು.”

ಕಮಲಾಕ್ಷಿ ಸೆರಗಿನಿಂದ ಅವಳ ಮುಖದ ಸುಣ್ಣ ಒರೆಸುತ್ತಿದ್ದಳು. “ಇನ್ಮೇಲೆ ನಿಮ್ ಫೋನ್ನ ನನ್ ಫೋನ್ ಪಕ್ಕ ಇಡ್ತೀನಿ ಇರಿ. ನಾಲ್ಕ್ ದಿನ ಜಗಳ ಕಲೀಲಿ.”

“ಯಾಕೆ ಕಮಲಾ? ಅದೇನು ತಪ್ಪು ಮಾಡ್ತು ಪಾಪ?”

ಅವಳನ್ನು ಎತ್ತಿ ಆಂಬ್ಯುಲೆನ್ಸಿನಲ್ಲಿ ಮಲಗಿಸಿದರು. ಬೀದಿಯ ತುಂಬ ಜನ, ಆರಿದ ಫೋನುಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಡ್ರೈವರ್ ಸೈರನ್ನಿನ ಗುಂಡಿಯ ಮೇಲೆ ಬೆರಳಿಟ್ಟ, ಒಂದು ಕ್ಷಣ ಹೊರಗೆ ನೋಡಿದ, ಬೆರಳು ತೆಗೆದ. ಗಾಡಿ ಸದ್ದಿಲ್ಲದೆ ಮುಂದಕ್ಕೆ ಉರುಳಿತು. ಬೀದಿ ಇಬ್ಭಾಗವಾಗಿ ಸರಿಯಿತು.